ಒಂದೇ ಚೀಲಕ್ಕೆ ಮೂರು ಕರಾರು, ಮೂರು ಗಡುವು

ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಪ್ಪತ್ತು ಅಡಿಯ ಕಂಟೇನರ್‌ಗೆ 60 ಕಿಲೋದ 320 ಗೋಣಿಚೀಲ ತುಂಬಿ, ಸೀಲ್ ಹಾಕಿ ಕಳಿಸಿದರೆ, ಲಾರಿ ಸಂಪಾಜೆ ಘಾಟಿ ಇಳಿದು ಪಣಂಬೂರು ಮುಟ್ಟಿ ಸರಕು ಹಡಗೇರುವಷ್ಟರಲ್ಲಿ ಆ 19.2 ಟನ್ ಕಾಫಿಯ ಮೇಲೆ ಕನಿಷ್ಠ ಮೂರು ಕರಾರು ಕೂತಿರುತ್ತವೆ. ಕೊಳ್ಳುವವರ ಜೊತೆಗಿನ ಮಾರಾಟದ ಕರಾರು, ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್ (ಸರಕು ಪಡೆದದ್ದಕ್ಕೆ ರಸೀದಿಯೂ ಸಾಗಣೆಯ ಕರಾರೂ ಆದ ಕಾಗದ, ಮುಂದೆ ಬರೀ ‘ಬಿಲ್’), ವಿಮೆ ಪಾಲಿಸಿ. ತಕರಾರು ಎಲ್ಲಿ ತೀರಬೇಕು, ಯಾವ ದೇಶದ ಕಾನೂನು, ಎಷ್ಟು ದಿನದೊಳಗೆ ಎಂಬುದು ಮೂರರಲ್ಲೂ ಬೇರೆ ಬೇರೆ. ಇಟಲಿಯ ಟ್ರಿಯೆಸ್ಟೆಯಲ್ಲಿ ಬಾಗಿಲು ತೆಗೆದಾಗ ಮೇಲಿನ ಸಾಲಿನ ಚೀಲಗಳು ಒದ್ದೆಯಾಗಿ ಬೂಷ್ಟು ಹಿಡಿದಿದ್ದರೆ ಮೂರು ಗಡುವುಗಳೂ ಒಟ್ಟಿಗೆ ಓಡುತ್ತಿರುತ್ತವೆ. ಕೊಡಗಿನ ಸಣ್ಣ ರಫ್ತುದಾರರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ: ಒಂದು ಕರಾರಿನ ಗಡುವು ಮುಗಿಯುತ್ತಿರುವಾಗ ಇನ್ನೊಂದರ ಕಚೇರಿಗೆ ಪತ್ರ ಬರೆಯುತ್ತ ಕೂತಿರುತ್ತಾರೆ.

ಇಂಥ ತಕರಾರುಗಳಲ್ಲಿ ಎಷ್ಟೋ ತೀರುವುದು ಕೋರ್ಟಿನಲ್ಲಲ್ಲ, ಆರ್ಬಿಟ್ರೇಷನ್ನಿನಲ್ಲಿ. ಮೊದಲು ಆ ಪದದ ಗೊಂದಲ ಬಿಡಿಸಿಕೊಳ್ಳೋಣ. ಪತ್ರಿಕೆಗಳಲ್ಲಿ ಆರ್ಬಿಟ್ರೇಷನ್‌ಗೂ ಮೀಡಿಯೇಷನ್‌ಗೂ ಮಧ್ಯಸ್ಥಿಕೆ ಎಂದೇ ಬರೆಯುತ್ತಾರೆ. ಮಧ್ಯಸ್ಥಿಕೆ ಎಂದ ಕೂಡಲೇ ನಮಗೆ ಕಣ್ಣಮುಂದೆ ಬರುವುದು ಊರ ಹಿರಿಯರು ಕೂತು ಎರಡು ಕಡೆಯವರನ್ನೂ ಒಪ್ಪಿಸುವ ರಾಜಿ ಪಂಚಾಯ್ತಿ. ಹಡಗಿನ ವ್ಯವಹಾರದ ಆರ್ಬಿಟ್ರೇಷನ್ ಹಾಗಲ್ಲ. ಅಲ್ಲಿ ಬರುವುದು, ಕರಾರಿನಂತೆ ನೇಮಕವಾದ ಆರ್ಬಿಟ್ರೇಟರ್ ಕೊಡುವ ತೀರ್ಪು. ನೀವು ಒಪ್ಪಿದರೂ ಬಿಟ್ಟರೂ ಅದು ಕಟ್ಟುತ್ತದೆ, ಮೇಲ್ಮನವಿಗೆ ಅವಕಾಶ ಬಹಳ ಕಮ್ಮಿ. ಆದ್ದರಿಂದ ಇಲ್ಲಿ ಆರ್ಬಿಟ್ರೇಷನ್ ಎಂದೇ ಬರೆಯುತ್ತೇನೆ.

ಕಾಫಿ ರಫ್ತುದಾರರಿಗೆ ಮೊದಲು ಎದುರಾಗುವುದು ಮಾರಾಟದ ಕರಾರು. ಯುರೋಪಿಗೆ ಹೋಗುವ ಕಾಫಿಯಲ್ಲಿ ಬಹಳಷ್ಟು ಮಾರಾಟವಾಗುವುದು ಯುರೋಪಿಯನ್ ಸ್ಟ್ಯಾಂಡರ್ಡ್ ಕಾಂಟ್ರ್ಯಾಕ್ಟ್ ಫಾರ್ ಕಾಫಿ (ಇಎಸ್‌ಸಿಸಿ) ಎಂಬ ಮಾದರಿ ಕರಾರಿನ ಮೇಲೆ. ಒಂದು ಪುಟದ ಮಾರಾಟದ ಚೀಟಿಯಲ್ಲಿ ‘ಇಎಸ್‌ಸಿಸಿ, ಆರ್ಬಿಟ್ರೇಷನ್ ಲಂಡನ್’ ಎಂದೋ ‘ಹ್ಯಾಂಬರ್ಗ್’ ಎಂದೋ ಒಂದೇ ಸಾಲು ಇರುತ್ತದೆ. ಆ ಸಾಲಿನ ಹಿಂದೆ ಪೂರ್ತಿ ಕರಾರು ಇದೆ. ಗುಣಮಟ್ಟದ ತಕರಾರನ್ನು ಸರಕು ಬಂದರಿನಲ್ಲಿ ಇಳಿದು 21 ದಿನದೊಳಗೆ, ಉಳಿದ ತಕರಾರುಗಳನ್ನು 45 ದಿನದೊಳಗೆ ಎತ್ತಬೇಕೆಂದು ಅದು ಹೇಳುತ್ತದೆ. ತೂಕದಲ್ಲಿ ಅರ್ಧ ಪರ್ಸೆಂಟ್‌ವರೆಗಿನ ಸಹಜ ಇಳಿಕೆಯನ್ನು ಕೊಳ್ಳುವವರೇ ಹೊರಬೇಕು. ಆವೃತ್ತಿ ಬದಲಾದಂತೆ ಅಂಕಿಗಳೂ ಬದಲಾಗುತ್ತವೆ, ಹಾಗಾಗಿ ನಿಮ್ಮ ಚೀಟಿಯ ತಾರೀಖಿಗೆ ಯಾವ ಆವೃತ್ತಿ ಜಾರಿಯಲ್ಲಿತ್ತೋ ಅದರ ಪ್ರತಿ ತರಿಸಿ ಇಟ್ಟುಕೊಳ್ಳಿ.

ಎಫ್‌ಒಬಿ (ಫ್ರೀ ಆನ್ ಬೋರ್ಡ್) ಮಾರಾಟದಲ್ಲಿ ಚೀಲ ಹಡಗೇರಿದ ಕೂಡಲೇ ಅಪಾಯ ಕೊಳ್ಳುವವರ ಪಾಲಿಗೆ ದಾಟುತ್ತದೆ. ಅಂದರೆ ಹಡಗಿನವರ ಮೇಲೆ ದಾವೆ ಹೂಡುವ ಹಕ್ಕು ಸಾಮಾನ್ಯವಾಗಿ ಬಿಲ್ ಕೈಯಲ್ಲಿರುವ ಅವರದೇ. ಆದರೆ ಅವರು ಹಡಗಿನವರ ಬೆನ್ನು ಹತ್ತುವ ಬದಲು ‘ಕಾಫಿ ತುಂಬುವಾಗಲೇ ಹಸಿ ಇತ್ತು’ ಎಂದು ನಿಮ್ಮ ಮೇಲೆಯೇ ಗುಣಮಟ್ಟದ ಆರ್ಬಿಟ್ರೇಷನ್ ಹೂಡಬಹುದು. ಆಗ ನಿಮ್ಮನ್ನು ಕಾಯುವುದು ತುಂಬಿದ ದಿನದ ದಾಖಲೆ ಮಾತ್ರ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ 420ನೇ ನಿರ್ಣಯ ಹಸಿರು (ಹುರಿಯದ) ಕಾಫಿಯ ತೇವಾಂಶ 8ರಿಂದ 12.5 ಪರ್ಸೆಂಟ್ ಒಳಗಿರಬೇಕೆನ್ನುತ್ತದೆ. ಲಾಟ್‌ಗೆ ಒಂದೇ ರೀಡಿಂಗ್ ಬರೆದರೆ ಸಾಲದು. ಹತ್ತಾರು ಚೀಲಗಳ ರೀಡಿಂಗ್, ಮೀಟರಿನ ಕ್ಯಾಲಿಬ್ರೇಷನ್ ಚೀಟಿ, ಇಬ್ಬರ ಸಹಿಯೊಂದಿಗೆ ಸೀಲ್ ಮಾಡಿದ ಸ್ಯಾಂಪಲ್ ಇಟ್ಟುಕೊಂಡಿರಬೇಕು. ಕಣದಲ್ಲಿ ಒಣಗಿಸುವಾಗಲೇ ಫೆಬ್ರವರಿಯ ಹೂಮಳೆ ಬಿದ್ದ ರೊಬಸ್ಟಾ ಚೆರಿ ಇದ್ದರೆ ಅದರ ರೀಡಿಂಗ್ ಚೀಲದಿಂದ ಚೀಲಕ್ಕೆ ಏರುಪೇರಾಗುತ್ತದೆ. ಸರಾಸರಿ 11.5 ಇದ್ದರೂ ಮೂಲೆಯ ನಾಲ್ಕು ಚೀಲ 14 ಇದ್ದರೆ ಬೂಷ್ಟು ಅಲ್ಲಿಂದಲೇ ಹಬ್ಬುವುದು.

ಒದ್ದೆ ಕಾಫಿಯ ವಿಚಾರದಲ್ಲಿ ಪ್ರತಿಯೊಬ್ಬ ರಫ್ತುದಾರರೂ ತಿಳಿದಿರಬೇಕಾದ ಮೊಕದ್ದಮೆಯೊಂದಿದೆ. 2012ರಲ್ಲಿ ಕೊಲಂಬಿಯಾದಿಂದ ಜರ್ಮನಿಗೆ ಹೊರಟ ಒಂಬತ್ತು ಕನ್‌ಸೈನ್‌ಮೆಂಟ್ ಹಸಿರು ಕಾಫಿ, ಗಾಳಿಕಿಂಡಿ ಇಲ್ಲದ ಕಂಟೇನರ್‌ಗಳಲ್ಲಿ ಕ್ರಾಫ್ಟ್ ಪೇಪರ್ ಹೊದಿಕೆಯೊಂದಿಗೆ ಹೋಯಿತು. ಬಿಸಿ ನಾಡಿನಿಂದ ಚಳಿ ನಾಡಿಗೆ ಹೋಗುವಾಗ ಕಾಫಿಯೊಳಗಿನ ನೀರು ಆವಿಯಾಗಿ ಕಂಟೇನರ್ ಛಾವಣಿಗೆ ಹತ್ತಿ ಹನಿಹನಿಯಾಗಿ ಚೀಲದ ಮೇಲೆಯೇ ಉದುರಿತು. ಹಡಗು ಕಂಪನಿ ‘ಇದು ಕಾಫಿಯ ಸಹಜ ಗುಣ, ನಮ್ಮ ತಪ್ಪಲ್ಲ’ ಎಂದಿತು. ವೋಲ್‌ಕಾಫೆ ಮೊಕದ್ದಮೆ ಎಂದು ಹೆಸರಾದ ಇದರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು: ಸರಕು ಒಳ್ಳೆಯ ಸ್ಥಿತಿಯಲ್ಲಿ ಹಡಗೇರಿ ಕೆಟ್ಟ ಸ್ಥಿತಿಯಲ್ಲಿ ಇಳಿದಿದ್ದರೆ, ತಾನು ತಕ್ಕ ಎಚ್ಚರ ವಹಿಸಿದ್ದೆ ಎಂದು ರುಜುವಾತು ಮಾಡುವ ಹೊಣೆ ಸಾಗಣೆದಾರನದು. ಸಹಜ ಗುಣ ಎಂಬ ನೆಪ ಹೇಳಿದರೂ ಆ ಹೊಣೆ ತಪ್ಪದು. ಇಂಗ್ಲಿಷ್ ಕಾನೂನಿನಡಿ ಕೂರುವ ಆರ್ಬಿಟ್ರೇಟರ್‌ಗಳನ್ನೂ ಈ ತೀರ್ಪು ಕಟ್ಟುತ್ತದೆ.

ಇದನ್ನು ಓದಿ ಕೊಡಗಿನವರು ನಿಶ್ಚಿಂತರಾಗಬಾರದು, ಕಾರಣವಿದೆ. ಆ ಮೊಕದ್ದಮೆಯಲ್ಲಿ ಕಂಟೇನರ್ ತುಂಬಿಸಿ ಪೇಪರ್ ಹೊದಿಸಿದ್ದು ಹಡಗು ಕಂಪನಿಯೇ. ನಮ್ಮಲ್ಲಿ ಬಹುಪಾಲು ಫ್ಯಾಕ್ಟರಿ ಸ್ಟಫಿಂಗ್. ಕುಶಾಲನಗರದಲ್ಲೋ ಹುಣಸೂರಿನಲ್ಲೋ ನೀವೇ ತುಂಬಿ ಸೀಲ್ ಹಾಕಿ ಕಳಿಸುತ್ತೀರಿ, ಬಿಲ್ಲಿನ ಮೇಲೆ ‘ಶಿಪ್ಪರ್ಸ್ ಲೋಡ್, ಸ್ಟೋ ಅಂಡ್ ಕೌಂಟ್’ (ತುಂಬಿ, ಜೋಡಿಸಿ, ಎಣಿಸಿದ್ದು ಕಳಿಸಿದವರೇ) ಎಂದು ಬೀಳುತ್ತದೆ. ಹೊದಿಕೆ ತೆಳುವಾಗಿದ್ದರೆ ಆ ತಪ್ಪು ನಿಮ್ಮದು. ಹಾಗಾಗಿ ತುಂಬುವ ದಿನದ ಕೆಲಸವನ್ನೇ ಆರ್ಬಿಟ್ರೇಷನ್ನಿನ ಮೊದಲ ದಿನ ಎಂದುಕೊಳ್ಳಿ. ಖಾಲಿ ಕಂಟೇನರ್ ಬಂದಾಗ ಒಳಗೆ ಒಬ್ಬರು ನಿಂತು ಬಾಗಿಲು ಮುಚ್ಚಿಸಿ, ಎಲ್ಲಾದರೂ ಬೆಳಕಿನ ಚುಕ್ಕೆ ಕಾಣುತ್ತದೆಯೇ ನೋಡಬೇಕು. ಸೂಜಿಮೊನೆಯಷ್ಟು ತೂತು ಇದ್ದರೂ ವಾಪಸ್ ಕಳಿಸಿ. ಮರದ ನೆಲ ಮುಟ್ಟಿದರೆ ತಣ್ಣಗೆ ಹಸಿ ಅನಿಸಿದರೂ ವಾಪಸ್. ರಾಸಾಯನಿಕದ ವಾಸನೆ ಇದ್ದರೂ ಅಷ್ಟೇ. ಗೋಡೆ, ಬಾಗಿಲು, ಮೇಲಿನ ಸಾಲು ಮೂರಕ್ಕೂ ಪೇಪರ್ ಹೊದಿಸಿ. ಮೇಲಿನ ಸಾಲಿನ ಹೊದಿಕೆ ಇಳಿಯುವ ನೀರನ್ನು ಹೀರುವಂಥದ್ದಿರಲಿ, ಬರೀ ಪ್ಲಾಸ್ಟಿಕ್ ಹಾಕಿದರೆ ನೀರು ಅದರ ಮೇಲೆ ಹರಿದು ಬದಿಯ ಚೀಲಗಳಿಗೆ ಸೇರುತ್ತದೆ. ತೇವ ಹೀರುವ ಡೆಸಿಕೆಂಟ್ ಎಷ್ಟು ಕಿಲೋ, ಎಲ್ಲಿ ತೂಗು ಹಾಕಿದ್ದು ಎಂದು ಬರೆದಿಡಿ. ಖಾಲಿ, ಅರ್ಧ ತುಂಬಿದ್ದು, ಪೂರ್ತಿ ತುಂಬಿದ್ದು, ಬಾಗಿಲು ಮುಚ್ಚಿ ಸೀಲ್ ನಂಬರ್ ಕಾಣುವ ಹಾಗೆ: ನಾಲ್ಕು ಹಂತದ ಫೋಟೋ ಬೇಕು, ಕಂಟೇನರ್ ನಂಬರ್ ಚೌಕಟ್ಟಿನೊಳಗೆ ಇರಬೇಕು. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ತಾರೀಖು, ಹೊತ್ತಿನ ವಿವರ ಅಳಿಸಿಹೋಗುತ್ತದೆ, ಮೂಲ ಕಡತವನ್ನೇ ಉಳಿಸಿ.

ಇನ್ನೊಂದು ತುದಿಯಲ್ಲಿ, ಸರಕು ಇಳಿದ ಮೇಲೆ, ಒದ್ದೆ ಕಂಡ ಕೂಡಲೇ ಸರ್ವೇಯರ್ (ಸರಕಿನ ಹಾನಿ ಪರೀಕ್ಷಿಸುವವರು) ಸಿಲ್ವರ್ ನೈಟ್ರೇಟ್ ಪರೀಕ್ಷೆ ಮಾಡಬೇಕು. ಒದ್ದೆ ಚೀಲದ ಮೇಲೆ ದ್ರಾವಣ ಹಾಕಿದಾಗ ಬಿಳಿ ಗಸಿ ಬಂದರೆ ಉಪ್ಪಿನಂಶ ಇದೆ, ಸಮುದ್ರದ ನೀರು ನುಗ್ಗಿರುವ ಸಂಭವ ಹೆಚ್ಚು. ಬರದಿದ್ದರೆ ಮಳೆ ನೀರೋ ಕಂಟೇನರ್‌ನ ಬೆವರೋ. ಈ ಒಂದು ಪರೀಕ್ಷೆ ಹೊಣೆ ಯಾರ ಕಡೆ ವಾಲುತ್ತದೆ ಎನ್ನುವುದನ್ನು ಎಷ್ಟೋ ಸಲ ಹೇಳಿಬಿಡುತ್ತದೆ. ತಡಮಾಡಿ ಚೀಲ ಒಣಗಿಸಿ ಬೇರೆ ಗೋದಾಮಿಗೆ ಸಾಗಿಸಿದ ಮೇಲೆ ಪರೀಕ್ಷೆ ಮಾಡಿದರೆ ಯಾರೂ ನಂಬುವುದಿಲ್ಲ.

ಈಗ ಎರಡನೆಯ ಗಡುವು, ಬಿಲ್ ಆಫ್ ಲೇಡಿಂಗ್. ಭಾರತದ ಬಂದರಿನಿಂದ ಹೊರಡುವ ಸರಕಿಗೆ 1925ರ ಕಾಯ್ದೆಯ ಮೂಲಕ, ಸಾಗಣೆದಾರರ ಹೊಣೆ ಗೊತ್ತುಮಾಡುವ ಅಂತರರಾಷ್ಟ್ರೀಯ ಹೇಗ್ ನಿಯಮಗಳು ಬಂದವು. ಅದರ ಜಾಗಕ್ಕೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆ ಮಾಡಿತು. ಮುಖ್ಯ ಗಡುವು ಎರಡರಲ್ಲೂ ಒಂದೇ: ಸರಕು ಕೊಟ್ಟ ದಿನದಿಂದ, ಅಥವಾ ಕೊಡಬೇಕಿದ್ದ ದಿನದಿಂದ, ಒಂದು ವರ್ಷ. ಆ ಒಂದು ವರ್ಷದೊಳಗೆ ದಾವೆ ಹೂಡದಿದ್ದರೆ ಸಾಗಣೆದಾರ ಪೂರ್ತಿ ಹೊಣೆಯಿಂದ ಬಿಡುಗಡೆ. ಹೊರಗೆ ಕಾಣದ ಹಾನಿಗೆ ಮೂರು ದಿನದೊಳಗೆ ಲಿಖಿತ ತಿಳಿವಳಿಕೆ ಕೊಡಬೇಕು. ಇದನ್ನು ತಪ್ಪಿಸಿಕೊಂಡರೆ ಹಕ್ಕು ಹೋಗುವುದಿಲ್ಲ, ಆದರೆ ಸರಕು ಸರಿಯಾಗಿಯೇ ತಲುಪಿತು ಎಂಬ ಊಹೆ ನಿಮಗೆ ಎದುರಾಗಿ ನಿಲ್ಲುತ್ತದೆ.

ಆ ಒಂದು ವರ್ಷ ಎಲ್ಲಿ ದಾವೆ ಹೂಡಲು ಎಂಬ ಪ್ರಶ್ನೆಯಲ್ಲೇ ಹಲವರು ಎಡವುವುದು. ದೊಡ್ಡ ಕಂಟೇನರ್ ಕಂಪನಿಗಳ ಬಿಲ್ಲಿನಲ್ಲಿ ಬಹುಪಾಲು ಆರ್ಬಿಟ್ರೇಷನ್ ಇರುವುದಿಲ್ಲ, ನಿರ್ದಿಷ್ಟ ಊರಿನ ಕೋರ್ಟ್ ಇರುತ್ತದೆ, ಉದಾಹರಣೆಗೆ ಲಂಡನ್ನಿನ ಹೈಕೋರ್ಟ್. ಕಂಟೇನರ್ ಇಲ್ಲದೆ ಬಿಡಿಯಾಗಿ ಸರಕು ಸಾಗಿಸುವ ಹಡಗಿನ ಬಿಲ್, ಉದಾಹರಣೆಗೆ ಕಾಂಜೆನ್‌ಬಿಲ್ ನಮೂನೆ, ‘ಚಾರ್ಟರ್ ಪಾರ್ಟಿಯ ಎಲ್ಲ ಷರತ್ತುಗಳೂ, ಕಾನೂನು ಮತ್ತು ಆರ್ಬಿಟ್ರೇಷನ್ ಕಲಮೂ ಸೇರಿ, ಇದರೊಳಗೆ ಸೇರಿವೆ’ ಎನ್ನುತ್ತದೆ. ಚಾರ್ಟರ್ ಪಾರ್ಟಿ ಎಂದರೆ ಹಡಗನ್ನು ಬಾಡಿಗೆಗೆ ಹಿಡಿದವರು ಮಾಲೀಕರ ಜೊತೆ ಮಾಡಿಕೊಂಡ ಕರಾರು. ಆರ್ಬಿಟ್ರೇಷನ್ ಎಂಬ ಪದ ಸ್ಪಷ್ಟವಾಗಿ ಇದ್ದರೆ ನೀವು ಕಣ್ಣಿಂದ ನೋಡದ ಚಾರ್ಟರ್ ಪಾರ್ಟಿಯ ಕಲಮೂ ನಿಮ್ಮನ್ನು ಕಟ್ಟುತ್ತದೆ. ‘ಬಾಲ್ಟಿಕ್ ಕಾನ್ಫಿಡೆನ್ಸ್’ ಹಡಗಿನ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟ್ 2001ರಲ್ಲಿ ಹೀಗೆಯೇ ಹೇಳಿತು. ಬರೀ ‘ಚಾರ್ಟರ್ ಷರತ್ತುಗಳಂತೆ’ ಎಂದಿದ್ದರೆ ಸಾಮಾನ್ಯವಾಗಿ ಸಾಲದು. ಚಾರ್ಟರ್ ಪಾರ್ಟಿಯ ಪ್ರತಿಯನ್ನು ತಕರಾರು ಎದ್ದ ವಾರದಲ್ಲೇ ಲಿಖಿತವಾಗಿ ಕೇಳಿ.

ಫಾರ್ವರ್ಡರ್ (ಸರಕು ಸಾಗಣೆಯ ಏರ್ಪಾಟು ಮಾಡುವವರು) ತಮ್ಮ ಹೆಸರಿನಲ್ಲೇ ಕೊಟ್ಟ ಹೌಸ್ ಬಿಲ್ ಕೈಯಲ್ಲಿದ್ದರೆ ನಿಮ್ಮ ಕರಾರು ಫಾರ್ವರ್ಡರ್ ಜೊತೆ, ಹಡಗು ಕಂಪನಿ ಜೊತೆಯಲ್ಲ. ಮುಂಬದಿಯ ಸಹಿ ಜಾಗದಲ್ಲಿ ‘ಸಾಗಣೆದಾರನ ಪರವಾಗಿ’ ಎಂದಿದೆಯೋ ‘ಕಪ್ತಾನನ ಪರವಾಗಿ’ ಎಂದಿದೆಯೋ ನೋಡಬೇಕು, ನೋಟಿಸ್ ಯಾರಿಗೆ ಹೋಗಬೇಕೆಂಬುದು ಅದರಿಂದ ತೀರ್ಮಾನ. ಮಂಗಳೂರಿನ ಏಜೆಂಟ್ ಕಚೇರಿಗೆ ಕೊಟ್ಟ ಪತ್ರ ಹಡಗಿನ ಮಾಲೀಕರಿಗೆ ಕೊಟ್ಟಂತೆ ಎಂದುಕೊಂಡು ಹನ್ನೊಂದು ತಿಂಗಳು ಕಳೆಯುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ವರ್ಷ ತುಂಬುವ ಮೊದಲು ಮಾತುಕತೆ ಮುಗಿಯುವುದಿಲ್ಲ ಅನಿಸಿದರೆ ಸಮಯ ವಿಸ್ತರಣೆ ಕೇಳಿ. ಲಿಖಿತವಾಗಿ, ಹಡಗಿನ ಮಾಲೀಕರು ಮತ್ತು ಅದನ್ನು ಬಾಡಿಗೆಗೆ ಹಿಡಿದವರು ಇಬ್ಬರಿಂದಲೂ, ಯಾವ ತಾರೀಖಿನವರೆಗೆ ಎಂದು ನಮೂದಿಸಿ. ‘ನಿಮ್ಮ ಪತ್ರ ಪರಿಶೀಲನೆಯಲ್ಲಿದೆ’ ಎಂಬ ಉತ್ತರ ವಿಸ್ತರಣೆಯಲ್ಲ.

ಬಿಲ್ಲಿನ ಮುಂಬದಿಯಲ್ಲಿ ಚೀಲಗಳ ಸಂಖ್ಯೆ ಬರೆಸುವುದೂ ಸಣ್ಣ ಮಾತಲ್ಲ. ಸಾಗಣೆದಾರನ ಹೊಣೆಯ ಮಿತಿ ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್, ಅಥವಾ ಕಿಲೋಗೆ 2 ಎಸ್‌ಡಿಆರ್, ಯಾವುದು ಹೆಚ್ಚೋ ಅದು. ಎಸ್‌ಡಿಆರ್ ಐಎಂಎಫ್‌ನ ಲೆಕ್ಕದ ಘಟಕ. ‘ಒಂದು ಕಂಟೇನರ್ ಕಾಫಿ’ ಎಂದಷ್ಟೇ ಇದ್ದರೆ 19,200 ಕಿಲೋಗೆ ಮಿತಿ 38,400 ಎಸ್‌ಡಿಆರ್. ‘320 ಚೀಲ’ ಎಂದಿದ್ದರೆ 2,13,334 ಎಸ್‌ಡಿಆರ್. ಐದು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ, ಡ್ರಾಫ್ಟ್ ಬಿಲ್ ನೋಡಿ ಒಪ್ಪಿಗೆ ಕೊಡುವ ಆ ಐದು ನಿಮಿಷದಲ್ಲಿ.

ಮೂರನೆಯ ಕರಾರಾದ ವಿಮೆಯ ಬಗ್ಗೆ ಒಂದೇ ಮಾತು. ವಿಮೆ ಕಂಪನಿ ದುಡ್ಡು ಕೊಟ್ಟ ಮೇಲೆ ನಿಮ್ಮ ಜಾಗದಲ್ಲಿ ನಿಂತು ಹಡಗಿನವರ ಮೇಲೆ ಹೋಗುತ್ತದೆ. ನೀವು ಆ ಒಂದು ವರ್ಷವನ್ನು ಕೈಬಿಟ್ಟಿದ್ದರೆ ‘ನಮ್ಮ ಹಕ್ಕು ಹಾಳುಮಾಡಿದಿರಿ’ ಎಂದು ಕ್ಲೇಮ್‌ಗೇ ತಕರಾರು ಎತ್ತಬಹುದು.

ಚಾರ್ಟರ್ ಪಾರ್ಟಿ ನಮಗೇನು ಸಂಬಂಧ ಎಂದು ಮಡಿಕೇರಿಯಲ್ಲಿ ಕೇಳಬಹುದು. ತೋಟಕ್ಕೆ ಹಾಕುವ ಪೊಟ್ಯಾಷ್ ವಿದೇಶದಿಂದ ಬಿಡಿಯಾಗಿ ಹಡಗಿನಲ್ಲಿ ಬರುವ ಗೊಬ್ಬರ. ಗೊತ್ತಾದ ಅವಧಿ ಮೀರಿ ಹಡಗು ನಿಂತ ದಿನಗಳಿಗೆ ತೆರುವ ಡೆಮರೇಜ್ ಕೊನೆಗೆ ಆ ವ್ಯಾಪಾರದ ಖರ್ಚಿಗೇ ಸೇರುತ್ತದೆ. ಲೆಕ್ಕ ಹೇಗೆಂದು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಿ. ಜೂನ್ ತಿಂಗಳು, ಪಣಂಬೂರು, 30,000 ಟನ್ ಪೊಟ್ಯಾಷ್. ದಿನಕ್ಕೆ 6,000 ಟನ್ ಇಳಿಸಬೇಕೆಂದು ಕರಾರು, ಭಾನುವಾರವೂ ಲೆಕ್ಕಕ್ಕೆ, ಮಳೆಯ ಹೊತ್ತು ಲೆಕ್ಕಕ್ಕಿಲ್ಲ. ಸಿಕ್ಕ ಲೇಟೈಮ್ (ಡೆಮರೇಜ್ ಇಲ್ಲದೆ ಸರಕು ಇಳಿಸಲು ಇರುವ ಅವಧಿ) ಐದು ದಿನ, ಅಂದರೆ 120 ಗಂಟೆ. ಹಡಗು ಸೋಮವಾರ ಬೆಳಿಗ್ಗೆ 10ಕ್ಕೆ ‘ಸಿದ್ಧವಿದ್ದೇನೆ’ ಎಂಬ ನೋಟಿಸ್ ಕೊಟ್ಟಿತು. ಜೆನ್‌ಕಾನ್ 1994 ಎಂಬ ಚಾರ್ಟರ್ ಪಾರ್ಟಿ ನಮೂನೆಯಂತೆ 12 ಗಂಟೆಯೊಳಗೆ ಕೊಟ್ಟರೆ ಲೇಟೈಮ್ ಅಂದೇ ಮಧ್ಯಾಹ್ನ 1ಕ್ಕೆ ಶುರು, ಆಮೇಲೆ ಕೊಟ್ಟರೆ ಮುಂದಿನ ಕೆಲಸದ ದಿನ ಬೆಳಿಗ್ಗೆ 6ಕ್ಕೆ. ಹಡಗಿನ ಲಾಗ್‌ಬುಕ್ಕಿನ ಪ್ರಕಾರ ಮಳೆ 26 ಗಂಟೆ. 120ಕ್ಕೆ 26 ಸೇರಿಸಿದರೆ ಲೇಟೈಮ್ ಭಾನುವಾರ ಮಧ್ಯಾಹ್ನ 3ಕ್ಕೆ ಮುಗಿಯಿತು. ಸರಕು ಇಳಿದು ಮುಗಿದದ್ದು ಮಂಗಳವಾರ ರಾತ್ರಿ 9ಕ್ಕೆ. 54 ಗಂಟೆ ತಡ. ದಿನಕ್ಕೆ 16,000 ಡಾಲರ್ ದರದಲ್ಲಿ 36,000 ಡಾಲರ್.

ಸರಕು ಪಡೆಯುವವರ ದಾಖಲೆಯಲ್ಲಿ ಲೇಟೈಮ್ ಒಳಗೇ ಮಳೆ 40 ಗಂಟೆ ಇದ್ದರೆ ಲೇಟೈಮ್ ಸೋಮವಾರ ಬೆಳಿಗ್ಗೆ 5ರವರೆಗೆ ಎಳೆಯುತ್ತದೆ, ತಡ 40 ಗಂಟೆಗೆ ಇಳಿದು ಮೊತ್ತ 26,667 ಡಾಲರ್ ಆಗುತ್ತದೆ. ಆ 14 ಗಂಟೆ ಜಿಟಿಜಿಟಿ ಮಳೆ, ಹ್ಯಾಚ್ (ಹಡಗಿನ ಸರಕು ಕೋಣೆಯ ಬಾಯಿ) ಮುಚ್ಚಿದ್ದರೋ ಇಲ್ಲವೋ ಎಂಬುದೇ ಜಗಳ. ತೀರಿಸುವುದು ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್, ಅಂದರೆ ಬಂದರಿನಲ್ಲಿ ಯಾವ ಹೊತ್ತಿಗೆ ಏನು ನಡೆಯಿತು ಎಂಬ ದಾಖಲೆ. ಒಪ್ಪಿಗೆ ಇಲ್ಲದ ಸಾಲಿನ ಎದುರು ‘ಆಕ್ಷೇಪದೊಂದಿಗೆ’ ಎಂದು ಬರೆದು ಸಹಿ ಮಾಡಬೇಕು, ಸುಮ್ಮನೆ ಸಹಿ ಮಾಡಿದರೆ 26ನ್ನೇ ಒಪ್ಪಿದಂತೆ. ಇನ್ನೊಂದು: ಡೆಮರೇಜ್ ಶುರುವಾದ ಮೇಲೆ ಸುರಿದ ಮಳೆ ಕಳೆಯಲು ಬರುವುದಿಲ್ಲ. ಒಮ್ಮೆ ಡೆಮರೇಜ್‌ಗೆ ಬಿದ್ದ ಹಡಗು ಕೊನೆಯವರೆಗೆ ಡೆಮರೇಜ್‌ನಲ್ಲೇ, ಕರಾರಿನಲ್ಲಿ ಸ್ಪಷ್ಟವಾಗಿ ಬೇರೆ ಬರೆದಿದ್ದರೆ ಮಾತ್ರ ವಿನಾಯಿತಿ. ಕೆಲವು ಕರಾರುಗಳಲ್ಲಿ ಡೆಮರೇಜ್ ಕ್ಲೇಮ್‌ಗೆ 90 ದಿನದಂಥ ಚಿಕ್ಕ ಗಡುವು ಇರುತ್ತದೆ, ಪೂರಕ ಕಾಗದಗಳೆಲ್ಲ ಜೊತೆಗೇ ಹೋಗಬೇಕು.

ಅದೇ ಜೆನ್‌ಕಾನ್ 1994ರ ಆರ್ಬಿಟ್ರೇಷನ್ ಕಾಲಂ ಖಾಲಿ ಬಿಟ್ಟರೆ ತಾನಾಗಿಯೇ ಲಂಡನ್, ಇಂಗ್ಲಿಷ್ ಕಾನೂನು. ಒಂದು ಕಡೆಯವರು ತಮ್ಮ ಆರ್ಬಿಟ್ರೇಟರ್ ಹೆಸರು ತಿಳಿಸಿದ 14 ದಿನದೊಳಗೆ ಎದುರಿನವರು ತಮ್ಮವರನ್ನು ಹೆಸರಿಸದಿದ್ದರೆ, ಆ ಒಬ್ಬರ ತೀರ್ಪೇ ಅಂತಿಮ. ಈ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳುವಂತಿದೆ. ಲಂಡನ್ನಿಂದ ಬಂದ ಇಮೇಲ್‌ಗೆ ‘ಅವರು ಇಲ್ಲಿಗೆ ಬಂದು ಏನು ಮಾಡಿಯಾರು’ ಎಂದು ಉತ್ತರಿಸದೆ ಬಿಟ್ಟರೆ, ಎದುರಾಳಿಯೇ ಆರಿಸಿದ ಒಬ್ಬರು ನಿಮ್ಮ ವಾದ ಕೇಳದೆ ತೀರ್ಪು ಬರೆಯುತ್ತಾರೆ, ಅದು ಕಾನೂನುಬದ್ಧ.

ಸಣ್ಣ ಮೊತ್ತಕ್ಕೆ ಲಂಡನ್ ದುಬಾರಿ ಎಂಬ ಹೆದರಿಕೆ ಪೂರ್ತಿ ಸರಿಯಲ್ಲ. ಲಂಡನ್ ಮ್ಯಾರಿಟೈಮ್ ಆರ್ಬಿಟ್ರೇಟರ್ಸ್ ಅಸೋಸಿಯೇಷನ್‌ನ ಸ್ಮಾಲ್ ಕ್ಲೇಮ್ಸ್ ಪ್ರೊಸೀಜರ್ ಸಾಮಾನ್ಯವಾಗಿ ಒಂದು ಲಕ್ಷ ಡಾಲರ್‌ವರೆಗಿನ ತಕರಾರಿಗೆ ಬಳಕೆಯಲ್ಲಿದೆ. ಒಬ್ಬರೇ ಆರ್ಬಿಟ್ರೇಟರ್, ನಿಗದಿತ ಫೀ, ವಕೀಲರ ಖರ್ಚಿಗೆ ಮಿತಿ, ಹೆಚ್ಚಾಗಿ ಕಾಗದಗಳ ಮೇಲೆಯೇ ತೀರ್ಮಾನ. ಪ್ರತಿವಾದಕ್ಕೆ 28 ದಿನ. ಮೇಲ್ಮನವಿ ಇಲ್ಲ. ಕುಶಾಲನಗರದಲ್ಲಿ ಕೂತೇ ನಡೆಸಬಹುದು, ಆದರೆ ಕಡತ ಅಚ್ಚುಕಟ್ಟಾಗಿರಬೇಕು: ಕರಾರು, ಬಿಲ್, ಪತ್ರವ್ಯವಹಾರ ತಾರೀಖಿನ ಸಾಲಿನಲ್ಲಿ, ಸರ್ವೆ ವರದಿ, ನಷ್ಟದ ಲೆಕ್ಕ. ನಷ್ಟವೆಂದರೆ ಒಳ್ಳೆಯ ಕಾಫಿಗೆ ಆ ಬಂದರಿನಲ್ಲಿ ಸಿಗುತ್ತಿದ್ದ ಬೆಲೆ ಮತ್ತು ಹಾಳಾದ ಕಾಫಿ ನಿಜಕ್ಕೂ ಮಾರಿದ ಬೆಲೆಗಳ ಅಂತರ. ಸೋತವರು ಗೆದ್ದವರ ಖರ್ಚನ್ನೂ ಕೊಡಬೇಕಾಗುವುದು ಲಂಡನ್ ಪದ್ಧತಿ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮದೇ ಕರಾರು ಬರೆಯುವಾಗ, ಮುಖ್ಯವಾಗಿ ಲಾರಿಯವರು, ಕ್ಯೂರಿಂಗ್ ವರ್ಕ್ಸ್, ಫಾರ್ವರ್ಡರ್ ಜೊತೆಗಿನದರಲ್ಲಿ, ಬೆಂಗಳೂರು ಸೀಟ್ (ಆರ್ಬಿಟ್ರೇಷನ್ನಿನ ಕಾನೂನಿನ ನೆಲೆ) ಇರಲಿ. ‘ವೆನ್ಯೂ’ ಎಂದಷ್ಟೇ ಬರೆದರೆ ಅದು ಕೂರುವ ಜಾಗವೋ ಕಾನೂನಿನ ನೆಲೆಯೋ ಎಂದೇ ಎರಡು ವರ್ಷ ಜಗಳವಾಗಬಹುದು. ‘ಸೀಟ್’ ಎಂಬ ಪದವನ್ನೇ ಬಳಸಿ. ನಮ್ಮ 1996ರ ಆರ್ಬಿಟ್ರೇಷನ್ ಕಾಯ್ದೆಯ 29ಬಿ ಕಲಮಿನಡಿ ಕಾಗದಗಳ ಮೇಲೆಯೇ ಆರು ತಿಂಗಳಲ್ಲಿ ತೀರ್ಪು ಎಂದು ಒಪ್ಪಿಕೊಳ್ಳಬಹುದು. ಒಬ್ಬ ಆರ್ಬಿಟ್ರೇಟರ್ ಸಾಕು. ಅವರನ್ನು ನೇಮಿಸುವ ಅಧಿಕಾರ ಒಂದೇ ಕಡೆಯವರಿಗೆ ಕೊಟ್ಟರೆ ಆ ಕಲಮು ನಿಲ್ಲುವುದಿಲ್ಲ. ನೋಟಿಸ್ ಕಳಿಸುವ ಇಮೇಲ್ ವಿಳಾಸವನ್ನೂ ಕರಾರಿನಲ್ಲೇ ಬರೆಯಿರಿ. 21ನೇ ಕಲಮಿನಂತೆ ಆರ್ಬಿಟ್ರೇಷನ್ ಶುರುವಾಗುವುದು ನೋಟಿಸ್ ಎದುರಿನವರಿಗೆ ತಲುಪಿದ ದಿನ, ನೀವು ಕಳಿಸಿದ ದಿನವಲ್ಲ.

ಘಾಟಿ ಕುಸಿದಾಗ ಏನು? 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಮುಚ್ಚಿತು, ಶಿರಾಡಿಯಲ್ಲೂ ಮಣ್ಣು ಜರಿಯಿತು. ಫೋರ್ಸ್ ಮಜ್ಯೂರ್ (ಕೈಮೀರಿದ ಘಟನೆ) ಕಲಮಿನಲ್ಲಿ ‘ಭೂಕುಸಿತ, ರಸ್ತೆ ಬಂದ್’ ಎಂಬ ಪದಗಳು ಇದ್ದರೆ, ಕೂಡಲೇ ಲಿಖಿತ ನೋಟಿಸ್ ಕೊಟ್ಟಿದ್ದರೆ ನಿಮಗೆ ನೆಲೆ ಇದೆ. ಸುತ್ತಿ ಹೋಗುವ ದಾರಿ ತೆರೆದಿದ್ದು ಬಾಡಿಗೆ ಹೆಚ್ಚಾಗುತ್ತದೆ ಎಂಬಷ್ಟೇ ಕಾರಣವಾದರೆ ನೆಲೆ ಇಲ್ಲ. 1956ರಲ್ಲಿ ಸೂಯೆಜ್ ಮುಚ್ಚಿದಾಗ ಸುಡಾನಿನ ಕಡಲೆಕಾಯಿ ಮಾರಿದವರು ಇದೇ ವಾದ ಹೂಡಿದರು. ಆಫ್ರಿಕಾ ಸುತ್ತಿ ಕಳಿಸಬಹುದಿತ್ತು, ಖರ್ಚು ಹೆಚ್ಚಾದದ್ದು ಕರಾರು ಮುರಿಯಲು ಕಾರಣವಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ 1961ರಲ್ಲಿ ಹೇಳಿತು. 2023ರ ಕೊನೆಯಿಂದ ಕೆಂಪು ಸಮುದ್ರ ಬಿಟ್ಟು ಗುಡ್‌ಹೋಪ್ ಭೂಶಿರ ಸುತ್ತಿದ ಹಡಗುಗಳ ತಕರಾರಿಗೂ ಅದೇ ತರ್ಕ ಅನ್ವಯ. ಪ್ರಯಾಣದ ದಿನ ಹೆಚ್ಚಿದಷ್ಟೂ ಕಂಟೇನರ್ ಬೆವರುವ ದಿನಗಳೂ ಹೆಚ್ಚು, ಡೆಸಿಕೆಂಟ್ ಲೆಕ್ಕವನ್ನು ಅದಕ್ಕೆ ತಕ್ಕಂತೆ ಏರಿಸಬೇಕು.

ತೀರ್ಪು ಬಂದ ಮೇಲೆ ವಸೂಲಿ. ಎದುರಾಳಿಯ ಹಡಗು ಭಾರತದ ಬಂದರಿಗೆ ಬರುವುದಿದ್ದರೆ ಹಣಕ್ಕೆ ಭದ್ರತೆ ಪಡೆಯುವ ದಾರಿಯನ್ನು ತೀರ್ಪಿಗೆ ಮೊದಲೇ ವಕೀಲರ ಜೊತೆ ಚರ್ಚಿಸಿ. 2017ರ ಅಡ್ಮಿರಾಲ್ಟಿ ಕಾಯ್ದೆ ಹಡಗು ತಡೆಯುವ ಅಧಿಕಾರವನ್ನು ಕರ್ನಾಟಕ ಹೈಕೋರ್ಟ್‌ಗೂ ಕೊಟ್ಟಿದೆ. ತಡೆಯುವ ಮಾತು ಬಂದ ಕೂಡಲೇ ಮಾಲೀಕರ ಪಿ ಅಂಡ್ ಐ ಕ್ಲಬ್ (ಹಡಗು ಮಾಲೀಕರ ಪರಸ್ಪರ ವಿಮೆ ಸಂಘ) ಜವಾಬ್ದಾರಿ ಪತ್ರ ಕೊಡಲು ಮುಂದೆ ಬರುವುದುಂಟು. ಆ ಪತ್ರದ ಒಕ್ಕಣೆಯಲ್ಲಿ ‘ಆರ್ಬಿಟ್ರೇಷನ್ ತೀರ್ಪಿನ ಮೊತ್ತ, ಬಡ್ಡಿ, ಖರ್ಚು’ ಮೂರೂ ಇರಬೇಕು. ವಿದೇಶಿ ತೀರ್ಪನ್ನು ಇಲ್ಲಿ ಜಾರಿ ಮಾಡಿಸಲು 1958ರ ನ್ಯೂಯಾರ್ಕ್ ಒಡಂಬಡಿಕೆಯಡಿ ಹೈಕೋರ್ಟ್‌ಗೆ ಹೋಗಬೇಕು. 1996ರ ಕಾಯ್ದೆಯ 47ನೇ ಕಲಮು ತೀರ್ಪಿನ ಮೂಲ ಅಥವಾ ದೃಢೀಕೃತ ಪ್ರತಿಯನ್ನೂ, ಆರ್ಬಿಟ್ರೇಷನ್ ಒಪ್ಪಂದದ ಮೂಲ ಅಥವಾ ದೃಢೀಕೃತ ಪ್ರತಿಯನ್ನೂ ಕೇಳುತ್ತದೆ. ಬಿಲ್ ಆಫ್ ಲೇಡಿಂಗ್‌ನಲ್ಲಿ ಆ ಒಪ್ಪಂದ ಇರುವುದು ಹೆಚ್ಚಾಗಿ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ. ಬ್ಯಾಂಕಿಗೆ ಮೂಲ ಕಾಗದ ಕೊಡುವ ಮುಂಚೆ ಮುಂಬದಿ ಮಾತ್ರ ಸ್ಕ್ಯಾನ್ ಮಾಡುವ ರೂಢಿ ನಮ್ಮ ಕಚೇರಿಗಳಲ್ಲಿದೆ, ಎರಡೂ ಬದಿ ಸ್ಕ್ಯಾನ್ ಮಾಡಿಸಿ.